ಮರ ಹತ್ತುವ ಮುಂಚಿನ ಕೂಗು

ಕಾಲುವೆಯ ನೀರು ಹಿತ್ತಲಿನವರೆಗೂ ಬಂದ ಮೇಲೆ ಹೊಸಪೇಟೆಯ ನಮ್ಮ ತೆಂಗಿನ ಮರಗಳು ಹುಚ್ಚೆದ್ದು ಬೆಳೆದವು. ಬುಡಕ್ಕೆ ಬೂದಿ, ಉಪ್ಪು ಹಾಕಿ, ಸುಳಿಗೆ ಹುಳ ಬಿದ್ದಿದೆಯೇ ಎಂದು ದಿನಾ ಕತ್ತೆತ್ತಿ ನೋಡುತ್ತಿದ್ದ ಅತ್ತೆಯವರ ಅಕ್ಕರೆ ಕಂಡು ಕಾನ್ವೆಂಟ್ ಓದಿದ ಈ ಸೊಸೆಗೆ ಪ್ಯೂರ್ ಜೆಲಸಿ. ಈಗ ಆ ಮರಗಳೂ ಇಲ್ಲ, ಹಾಗೆ ಕತ್ತೆತ್ತುವವರೂ ಇಲ್ಲ.

ಆಗ ಓಣಿಯ ಬಚ್ಚಲುಗಳಿಗೆ ಚಾವಣಿ ಇರುತ್ತಿರಲಿಲ್ಲ. ಮರ ಹತ್ತುವವನು ಮೊದಲು ಎಲ್ಲರಿಗೂ ಕೇಳುವಂತೆ ಕೂಗಬೇಕು. ಸ್ನಾನಕ್ಕೆ ಕೂತ ಹೆಂಗಸರು ಸೀರೆ ಸುತ್ತಿಕೊಂಡು ಹ್ಞೂಂ ಎಂದ ಮೇಲೆಯೇ ಹತ್ತಬೇಕು.

ಅಂದು ನಾದಿನಿಯನ್ನು ನೋಡಲು ಕಂಪ್ಲಿಯವರು ಬರುವವರಿದ್ದರು. ಹುಡುಗಿಯ ದನಿ ದೊಡ್ಡದು ಎಂದು ಹಿಂದೆ ಎರಡು ಸಂಬಂಧ ತಪ್ಪಿದ್ದವು. ಈ ಸಲ ಪಿಸುಮಾತೇ ಆಡಬೇಕೆಂದು ಅತ್ತೆಯವರ ಸ್ಟ್ರಿಕ್ಟ್ ಆರ್ಡರ್. ಬೆಳಿಗ್ಗೆ ನೋಡಿದರೆ ಒಣಗಿದ ಗರಿಯೊಂದು ಸರಿಯಾಗಿ ಗೇಟಿನ ಮೇಲೆ ಜೋತಾಡುತ್ತಿತ್ತು. ಬಂದವರ ತಲೆಯ ಮೇಲೆ ಬಿದ್ದರೆ? ಮರ ಹತ್ತುವವನನ್ನು ಕರೆಸಿದರೆ ಅವನ ಗಂಟಲು ಕಟ್ಟಿತ್ತು. ಕೂಗದೆ ಹತ್ತಲಾರೆನೆಂದು ಕೈಸನ್ನೆ ಮಾಡಿ ಕುಳಿತುಬಿಟ್ಟ. ಗಂಡಸರೆಲ್ಲ ನೆಂಟರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಅತ್ತೆಯವರಿಗೆ ಉಬ್ಬಸ.

"ಇಷ್ಟೆಲ್ಲಾ ಕಲ್ತೀಯಲ್ಲ, ನೀನ ಕೂಗು," ಎಂದರು ನನಗೆ.

ಲೇಡಿಯ ದನಿ ಪಕ್ಕದ ರೂಮಿಗೆ ಕೇಳಬಾರದೆಂದು ಕಲಿಸಿದ ಸಿಸ್ಟರುಗಳನ್ನು ನೆನೆದು, "ಎಕ್ಸ್‌ಕ್ಯೂಸ್ ಮಿ, ಮರ ಹತ್ತುತ್ತಾರೆ," ಎಂದೆ. ಕಾಂಪೌಂಡಿನ ಮೇಲಿದ್ದ ಕಾಗೆ ಕೂಡ ಕದಲಲಿಲ್ಲ.

ನಾದಿನಿಗೆ ತಡೆಯಲಾಗಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ, "ಮರ ಹತ್ತತಾರ್ರೀ, ಬಚ್ಚಲ್ದಾಗ ಇದ್ದೋರು ಜಲ್ದಿ ಹೊರಗ ಬರ್ರೀ," ಎಂದು ಕೂಗಿದಳು. ತಲೆಗೆ ಸೀಗೇಕಾಯಿ ಹಚ್ಚಿದ್ದೇನೆ, ತಡಿ ಎಂದರು ಪಕ್ಕದ ಮನೆಯಾಕೆ. ಇವಳು ಬಿಡಲಿಲ್ಲ. "ನೀವು ತಲಿ ತೊಳಕೊಳ್ಳೂದ್ರಾಗ ನನ್ನ ಮದಿವಿ ತಪ್ಪತೈತ್ರೀ ಅಕ್ಕಾರ."

ತಿರುಗಿ ನೋಡಿದರೆ ಕಂಪ್ಲಿಯವರು ಗೇಟಿನ ಹೊರಗೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಅದು ಮರ ಹತ್ತುವವನ ದನಿ ಎಂದರು ಅತ್ತೆಯವರು, ಸ್ವಲ್ಪವೂ ತಡವರಿಸದೆ. ಅವನು ಹೌದೆನ್ನಲು ಬಾಯಿ ತೆರೆದ. ಬರೀ ಗಾಳಿ ಬಂತು.

ಹುಡುಗನ ತಾಯಿ ನಗು ತಡೆಯಲಾರದೆ ಗೇಟಿನ ಕಂಬ ಹಿಡಿದುಕೊಂಡರು. "ಇರ್ಲಿ ಬಿಡ್ರಿ. ನಮ್ಮ ಮನಿ ರೈಸ್ ಮಿಲ್ಲಿನ ಮಗ್ಗಲ್ದಾಗ ಐತಿ. ಸಣ್ಣ ದನಿಯಾಕಿ ಉಣ್ಣಾಕ ಕರದ್ರ ಯಾರಿಗೂ ಕೇಳಂಗಿಲ್ಲ. ಇಂಥಾಕೀನ ಬೇಕು."

ಅತ್ತೆಯವರು ಮಗಳಿಗೆ ಕಣ್ಣಲ್ಲೇ ಪರ್ಮಿಷನ್ ಕೊಟ್ಟರು. ಗರಿಯ ಕೆಳಗಿಂದ ಸರಿಯಿರಿ ಎಂದು ಅವಳು ತನ್ನ ಅತ್ತೆಯಾಗುವವರಿಗೆ ಹೇಳಿದ್ದು ಕಂಪ್ಲಿಯವರೆಗೂ ಕೇಳಿಸಿರಬೇಕು.