ಬಿರುಗಾಳಿಗೆ ಹಾಯಿ ಏರಿಸಿದ್ದು

ನಾನು ಸಮುದ್ರ ನೋಡಿದವನಲ್ಲ. ಅಣ್ಣಿಗೇರಿಯಲ್ಲೇ ಹುಟ್ಟಿ, ಅಲ್ಲೇ ಭೂಗೋಳ ಕಲಿಸಿ ನಿವೃತ್ತನಾದವನು. ನಮ್ಮ ಕೆರೆಯೇ ನನಗೆ ಮಹಾಸಾಗರ. ಅದೂ ಬೇಸಿಗೆಯಲ್ಲಿ ರಜೆ ಹಾಕುತ್ತದೆ. ಆದರೂ ಹಾಯಿಹಡಗುಗಳ ಕಾಲದ ಒಂದು ಸಾಹಸ ಕಾದಂಬರಿ ಬರೆದೆ. ನಾನೂರು ಪುಟ, ಪುಟಕ್ಕೊಂದು ತೋಪು. ಗೊತ್ತಿಲ್ಲದ್ದನ್ನು ವಿಸ್ತಾರವಾಗಿ ಹೇಳುವುದು ನಮ್ಮ ವೃತ್ತಿಯವರಿಗೆ ಹೊಸದಲ್ಲ.

ಬಿರುಗಾಳಿಯ ಅಧ್ಯಾಯವನ್ನು ಊರ ಸಾಹಿತ್ಯಾಸಕ್ತರ ಮುಂದೆ ಓದಿದೆ. ಗಾಳಿ ಹುಚ್ಚೆದ್ದಾಗ ನನ್ನ ನಾಯಕ ಕತ್ತಿ ಹಿರಿದು, "ಏರಿಸಿರಿ ಎಲ್ಲ ಹಾಯಿಗಳನ್ನೂ!" ಎಂದು ಗರ್ಜಿಸುತ್ತಾನೆ. ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷರು ಬಸಣ್ಣ, ಕಡಲೆ ವ್ಯಾಪಾರಿಗಳು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. "ಸರ, ಉಪ್ಪುನೀರು ಮಾರಿಗೆ ಸಿಡದಂಗಾತ್ರಿ!" ಅವರೂ ಸಮುದ್ರ ನೋಡಿದವರಲ್ಲ.

ಹಿಂದಿನ ಸಾಲಿನಲ್ಲಿ ಊರ ನರ್ಸಮ್ಮನ ತಾಯಿ ಸುಮತಿಬಾಯಿ ಕೂತಿದ್ದರು. ಮಗಳನ್ನು ನೋಡಲು ಕಾರವಾರದಿಂದ ಬಂದವರು. ಅವರ ತಂದೆ ಹಾಯಿಹಡಗು ನಡೆಸಿದವರು.

"ಗಾಳಿ ಜೋರಾದ್ರೆ ಹಾಯಿ ಇಳಿಸ್ತಾರೆ ಮಾಸ್ತರೇ. ಏರಿಸಿದ್ರೆ ಕಂಬ ಮುರಿದು ಎಲ್ಲರೂ ಸಾಯ್ತಾರೆ."

"ಮತ್ತ ಏನ್ ಮಾಡ್ತಾರ್ರಿ?" ಎಂದೆ.

"ಹಗ್ಗ ಹಿಡಿದು ಕೂರ್ತಾರೆ. ವಾಂತಿ ಮಾಡ್ತಾರೆ. ಒಳಗೆ ಬಂದ ನೀರು ತೋಡಿ ತೋಡಿ ಚೆಲ್ತಾರೆ. ಅಪ್ಪ ಒಮ್ಮೆ ಹಾಗೆ ಉಳಿದು ಬಂದಾಗ ಅಂಗೈಲಿ ಚರ್ಮ ಇರಲಿಲ್ಲ. ವಾರಗಟ್ಟಲೆ ನಾನೇ ಅನ್ನ ತಿನ್ನಿಸಿದ್ದೆ."

ನನಗೆ ತಲೆ ಎತ್ತಲಾಗಲಿಲ್ಲ.

ಒಂದು ತಿಂಗಳು ಕೂತು ತಿದ್ದಿದೆ. ನಾಯಕನ ಕತ್ತಿ ಕಸಿದುಕೊಂಡು ನೀರು ತೋಡಲು ಬೋಗುಣಿ ಕೊಟ್ಟೆ. ಪಾಪ, ಮೂರು ಪುಟ ವಾಂತಿ ಮಾಡಿದ. ಆರು ಪುಟ ನೀರು ತೋಡಿದ. ಕೊನೆಗೆ ಸುಲಿದ ಅಂಗೈ ನೋಡುತ್ತ ಅತ್ತ. ನಾನು ಬರೆಯುತ್ತಲೇ ಅತ್ತದ್ದು ಅದೊಂದೇ ಸಲ.

ಮತ್ತೆ ಸಭೆ ಸೇರಿತು. ಸುಮತಿಬಾಯಿ ಆಗಲೇ ಊರಿಗೆ ಮರಳಿದ್ದರು. ಓದಿ ಮುಗಿಸಿದಾಗ ಚಪ್ಪಾಳೆ ಬೀಳಲಿಲ್ಲ. ಬಸಣ್ಣ ಗಂಟಲು ಸರಿಮಾಡಿಕೊಂಡರು. "ಮೊದಲಿಂದು ಅಗದಿ ಚೊಲೋ ಇತ್ರಿ ಸರ. ಇದು ಯಾಕೋ ಖರೇ ಅನಸವಲ್ದು."

ಸಭೆ ತಲೆಯಾಡಿಸಿತು. ನಾಚಿಕೆಬಿಟ್ಟು ಹೇಳುತ್ತೇನೆ: ಹಾಯಿಗಳನ್ನು ಮತ್ತೆ ಏರಿಸಿಯೇ ಅಚ್ಚು ಹಾಕಿಸಿದೆ. ಶಾಲು ಬಂತು, ಹಾರ ಬಂತು, ಬಸಣ್ಣನವರ ಮುನ್ನುಡಿಯಲ್ಲಿ 'ಅನುಭವದ ಮೂಸೆ' ಎಂಬ ಮಾತೂ ಬಂತು.

ವಾರದ ನಂತರ ಸುಮತಿಬಾಯಿ ಫೋನು ಮಾಡಿದರು. ಬೈಗುಳಕ್ಕೆ ಸಿದ್ಧನಾದೆ.

"ತೆಗೆದು ಹಾಕಿದ ಹಾಳೆ ಇವೆಯಂತಲ್ಲ, ಮಗಳು ಹೇಳಿದಳು. ಅಷ್ಟನ್ನು ನನಗೆ ಕಳಿಸ್ತೀರಾ?"

ಅಂದೇ ಕಳಿಸಿದೆ. ಊರೆಲ್ಲ ಓದುತ್ತಿರುವುದು ನಾನು ಅಚ್ಚು ಹಾಕಿಸಿದ್ದನ್ನು. ನಾನು ಬರೆದದ್ದಕ್ಕೆ ಕಾರವಾರದಲ್ಲಿ ಒಬ್ಬರು ಓದುಗರಿದ್ದಾರೆ.