ಎರಡು ಬೆರಳಿನ ಕಾಲ

ನಮ್ಮ ಹೆಡ್ ಕ್ಲಾರ್ಕರು ಮೊನ್ನೆ ಚಹಾ ಕುಡಿಯುತ್ತ ಕೇಳಿದರು: "ಆಫೀಸಿಗೆ ಕಂಪ್ಯೂಟರ್ ಬರ್ತಾವಂತ್ರಿ. ಕೀಲಿ ನೋಡಲಾರದ ಟೈಪ್ ಮಾಡೋದು ಈ ವಯಸ್ಸಿನ್ಯಾಗ ಕಲೀಬೇಕಂತೇನಿ. ನೀವು ಕಲ್ತವರು, ಏನಂತೀರಿ?" ನಾಳೆ ಹೇಳುವೆನೆಂದು ಜಾರಿಕೊಂಡೆ. ಹೌದು ಅಥವಾ ಇಲ್ಲ ಅಂದರೆ ಮುಗಿಯುವ ಪ್ರಶ್ನೆಗೆ ಇಷ್ಟೇಕೆ ಸಂಕಟವಾಯಿತೆಂದು ಜೇವರ್ಗಿ ಬಜಾರು ದಾಟಿ ಮನೆ ಮುಟ್ಟುವವರೆಗೂ ಯೋಚಿಸಿದೆ. ಕಾರಣ ನನಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರಿಗೆ ಹೇಳಿರಲಿಲ್ಲ, ಅಷ್ಟೇ.

ಜೇವರ್ಗಿಗೆ ಬರುವ ಮೊದಲು ನಾವು ಅಫಜಲಪುರದಲ್ಲಿದ್ದೆವು. ಗುಲಬರ್ಗಾದಿಂದ ಒಂದು ಹಳೆಯ ಕನ್ನಡ ಟೈಪ್‌ರೈಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಸುತ್ತಲಿನ ಹಳ್ಳಿಯವರು ಆಡುವ ನಾಟಕಗಳ ಕೈಬರಹ ನನ್ನಲ್ಲಿಗೆ ಬರುತ್ತಿತ್ತು. ಕಾರ್ಬನ್ ಇಟ್ಟು ಪಾತ್ರಧಾರಿಗಳಿಗೆಲ್ಲ ಪ್ರತಿ ತೆಗೆದುಕೊಡುವುದು ನನ್ನ ಸಂಜೆಯ ಕೆಲಸ. ಟೈಪಿಂಗನ್ನು ನಾನು ಯಾರಿಂದಲೂ ಕಲಿತವನಲ್ಲ. ಎರಡು ತೋರುಬೆರಳು ದುಡಿಯುತ್ತಿದ್ದವು, ಉಳಿದವು ಅತ್ತೆಮನೆಗೆ ಬಂದ ಅಳಿಯನ ಹಾಗೆ ಆರಾಮವಾಗಿದ್ದವು. ಹಾಗೆ ನೋಡಿದರೆ ಮನುಷ್ಯನ ಬೆರಳುಗಳಲ್ಲಿ ಸೋಮಾರಿಗಳೇ ಹೆಚ್ಚು. ಉಂಗುರದ ಬೆರಳಿಗೆ ಉಂಗುರ ಹೊರುವುದರ ಹೊರತು ಬೇರೆ ಉದ್ಯೋಗವಿಲ್ಲ. ಕಿರುಬೆರಳಂತೂ ಸಂತೆಯಲ್ಲಿ ಮಕ್ಕಳಿಗೆ ಹಿಡಿದುಕೊಳ್ಳಲು ಕೊಡುವುದಕ್ಕೆಂದೇ ಇರಬೇಕು.

ಎರಡು ಬೆರಳಿನವನಿಗೆ ಒಂದು ತೊಂದರೆಯಿದೆ. ಕೀಲಿ ನೋಡಿದರೆ ಕಾಗದ ಕಾಣದು, ಕಾಗದ ನೋಡಿದರೆ ಕೀಲಿ ಕಾಣದು. ಹೀಗಾಗಿ ಪಕ್ಕದಲ್ಲಿ ಕೂತು ಯಾರಾದರೂ ಓದಿ ಹೇಳಬೇಕು. ನನಗೆ ಓದಿ ಹೇಳುತ್ತಿದ್ದವಳು ನನ್ನ ಹೆಂಡತಿ ನೀಲಾ. ಏಳನೇ ಇಯತ್ತೆ ಮುಗಿಸಿದವಳು. ಗೌಡನ ಮಾತನ್ನು ದಪ್ಪ ದನಿಯಲ್ಲಿ, ಹಾಸ್ಯದವನ ಮಾತನ್ನು ಮೂಗಿನಲ್ಲಿ ಓದುತ್ತಿದ್ದಳು. ನಾನು ಒಂದು ಒತ್ತಕ್ಷರಕ್ಕಾಗಿ ಕೀಲಿಮಣೆಯನ್ನೆಲ್ಲ ತಡಕಾಡುತ್ತಿದ್ದರೆ ಅವಳು ಬೇಸರಪಡದೆ ಕಾಯುತ್ತಿದ್ದಳು.

ಒಮ್ಮೆ ಚೌಡಾಪುರದವರ ನಾಟಕ. ಗಂಡ ಮನೆಬಿಟ್ಟು ಹೊರಡು ಅಂದಾಗ ನಾಯಕಿ ಅಳುತ್ತಾಳೆ. ನೀಲಾ ಓದುವುದನ್ನು ನಿಲ್ಲಿಸಿದಳು.

"ಈಕಿ ಬಾಯಾಗ ಕಡಬು ಇಟ್ಕೊಂಡಾಳೇನ್ರಿ? ಬರೇ ಅಳ್ತಾಳ. ಒಂದು ಮಾತರ ಅನ್ನಲಿ."

"ಏನನ್ನಬೇಕು?"

"'ಈ ಅಂಗಳಾ ದಿನಾ ಗುಡಿಸಿದ ಕೈ ನಂದು. ಹೊರಗ ಹೋಗೋದಾದ್ರ ನೀವು ಹೋಗ್ರಿ.' ಹಿಂಗಂತ ಹೊಡೀರಿ."

ಹೊಡೆದೆ. ನಾಟಕವಾದ ಮೇಲೆ ಅದನ್ನು ಬರೆದ ಮಾಸ್ತರರು ನಮ್ಮ ಮನೆಗೆ ಬಂದು, "ಸಾಹೇಬ್ರ, ಆ ಮಾತಿಗಿ ಚಪ್ಪಾಳಿ ನಿಲ್ಲಲೇ ಇಲ್ರಿ. ಯಾವಾಗ ಬರದಿದ್ದೆನೋ ನನಗ ನೆನಪಿಲ್ಲ" ಅಂದರು. ಚಹಾ ತಂದ ನೀಲಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೋಡಿದಳು. ಆಮೇಲೆ ಅವಳ ಕೈ ತಾಗದ ನಾಟಕ ನಮ್ಮ ಮನೆಯಿಂದ ಹೊರಗೆ ಹೋಗಲಿಲ್ಲ. ಅಳುವ ನಾಯಕಿಯರೆಲ್ಲ ನಮ್ಮ ಪಡಸಾಲೆಯಲ್ಲಿ ಮಾತು ಕಲಿತು ಹೋದರು.

ಇಷ್ಟರಲ್ಲಿ ಆಫೀಸಿನಲ್ಲಿ ನನಗೆ 'ಎರಡ ಬೆರಳಿನ ಸಾಹೇಬ' ಎಂಬ ಬಿರುದು ಬಂದಿತ್ತು. ಅಭಿಮಾನ ಕೆರಳಿತು. ನಲವತ್ತರ ಹೊಸ್ತಿಲಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿ, ನನ್ನನ್ನು ಕಾಕಾ ಎನ್ನುವ ಹುಡುಗಿಯರ ನಡುವೆ ಕೂತೆ. ಅಲ್ಲಿನ ಮಾಸ್ತರರು ಕೈಗಳ ಮೇಲೆ ರಟ್ಟು ಮುಚ್ಚಿ, ಕಣ್ಣು ಕಾಗದದ ಮೇಲಿರಲಿ ಅನ್ನುತ್ತಿದ್ದರು. ಹುಡುಗಿಯರ ಮಷಿನು ಮಳೆಯ ಹಾಗೆ ಸುರಿಯುತ್ತಿದ್ದರೆ ನನ್ನದು ಸೋರುವ ನಲ್ಲಿಯ ಹಾಗೆ ತೊಟ್ಟಿಕ್ಕುತ್ತಿತ್ತು. ಆದರೂ ಹಟದಿಂದ ಕಲಿತೆ. ಸೋಮಾರಿ ಕಿರುಬೆರಳು ಕೂಡ ಕೊನೆಗೆ ನೌಕರಿಗೆ ಹಾಜರಾಯಿತು.

ಕಲಿತ ಸಂಭ್ರಮದಲ್ಲಿ ಮನೆಗೆ ಬಂದು ಒಂದು ಪುಟ ಹೊಡೆದು ತೋರಿಸಿದೆ. "ನೋಡು, ಇನ್ನ ನೀ ಓದೋ ತ್ರಾಸಿಲ್ಲ" ಅಂದೆ.

"ಚಲೋ ಆತು ಬಿಡ್ರಿ" ಎಂದು ನೀಲಾ ಒಳಗೆ ಹೋದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಅಂದಿನಿಂದ ನಾನು ಹೊರಗೆ ಟೈಪ್ ಮಾಡುತ್ತಿದ್ದೆ, ಅವಳು ಒಳಗೆ ಜೋಳ ಹಸನು ಮಾಡುತ್ತಿದ್ದಳು. ನಾಟಕಗಳು ಬೇಗ ಮುಗಿಯತೊಡಗಿದವು. ನಾಟಕ ಬರೆದ ಮಾಸ್ತರರು ಬಂದು "ಒಂದಕ್ಷರ ತಪ್ಪಿಲ್ರಿ" ಅನ್ನುತ್ತಿದ್ದರು. ಚಪ್ಪಾಳೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನಾಯಕಿಯರು ಮತ್ತೆ ಅಳಲು ಶುರುಮಾಡಿದ್ದರು. ಜೇವರ್ಗಿಗೆ ವರ್ಗವಾಗಿ ಬಂದ ಮೇಲೂ ಹೀಗೇ ನಡೆಯಿತು. ನಮ್ಮಿಬ್ಬರ ನಡುವೆ ಜಗಳವೇನಿಲ್ಲ. ಆದರೆ ಸಂಜೆಯ ಹೊತ್ತು ಒಬ್ಬರಿಗೊಬ್ಬರು ಹೇಳುವಂಥದೂ ಏನಿಲ್ಲ. ಇದು ನನಗೆ ಬಹಳ ದುಃಖದ ಸಂಗತಿ.

ಹೆಡ್ ಕ್ಲಾರ್ಕರು ಕೇಳಿದ ದಿನ ಸಂಜೆ ಒಂದು ನಾಟಕದ ಕೈಬರಹ ಹಿಡಿದು, "ನೀಲಾ, ಕಣ್ಣು ಯಾಕೋ ಮಂಜಾಗ್ಯಾವ, ಸ್ವಲ್ಪ ಓದ್ತಿಯೇನು?" ಅಂದೆ. ಬಂದು ಕೂತಳು. ಎಷ್ಟೋ ವರ್ಷದ ಮೇಲೆ ಪಕ್ಕದಲ್ಲಿ ಬಳೆಯ ಸದ್ದು ಕೇಳಿ ಹಿತವೆನಿಸಿತು. ಆದರೆ ಗೌಡನೂ ಹಾಸ್ಯದವನೂ ಒಂದೇ ದನಿಯಲ್ಲಿ ಸರಕಾರಿ ನೋಟೀಸಿನ ಹಾಗೆ ಬಂದುಹೋದರು. ನಾಯಕಿ ಅಳುವ ಜಾಗ ಬಂತು. ನಾನು ಕಾದೆ. ನೀಲಾ "ಅಳುತ್ತಾಳೆ" ಎಂದು ಓದಿ ಮುಂದೆ ಹೋದಳು.

"ಯಾಕ, ಈಕಿ ಏನೂ ಅನ್ನೂದಿಲ್ಲೇನು?"

"ಯಾವಾಗ ಅನ್ನಬೇಕ್ರಿ? ಮೊದಲ ನೀವು ಅಕ್ಷರ ಹುಡುಕೋ ತನಕ ನನಗ ವಿಚಾರ ಮಾಡಾಕ ವ್ಯಾಳ್ಯಾ ಸಿಗತಿತ್ತು. ಈಗ ನಿಮ್ಮ ಕೈ ಎಲ್ಲಿ ನಿಂದರ್ತಾವ?"

ನಾನು ಎಂಟು ಬೆರಳು ಮಡಚಿ ಎರಡರಿಂದ ಹುಡುಕಲು ಕೂತೆ. ಆಗಲಿಲ್ಲ. ಹುಡುಕುವ ಮೊದಲೇ ಕಿರುಬೆರಳು ಓಡಿಹೋಗಿ ಅಕ್ಷರವನ್ನು ಒತ್ತಿಬಿಡುತ್ತದೆ. ನೀಲಾ ನೋಡಿ ನಕ್ಕಳು, ನಗುತ್ತಲೇ ಎದ್ದು ಒಲೆಯ ಕಡೆ ಹೋದಳು.

ಹೆಡ್ ಕ್ಲಾರ್ಕರಿಗೆ ಮರುದಿನ ಹೇಳಿದೆ: "ಕಲೀರಿ, ಅಡ್ಡಿಯಿಲ್ಲ. ಆದ್ರ ಮೊದಲ ಮನ್ಯಾಗ ನಿಮಗ ಓದಿ ಹೇಳೋರು ಯಾರದಾರ ನೋಡ್ಕೋರಿ." ಅವರಿಗೆ ತಿಳಿಯಲಿಲ್ಲ. ನಾನಂತೂ ಕಲಿತದ್ದನ್ನು ಮರೆಸುವ ಇನ್‌ಸ್ಟಿಟ್ಯೂಟ್ ಹುಡುಕುತ್ತಿದ್ದೇನೆ. ಅಫಜಲಪುರದಲ್ಲಿ ಇಲ್ಲ, ಜೇವರ್ಗಿಯಲ್ಲೂ ಇಲ್ಲ. ಆಳಂದದಲ್ಲಿ ಇದ್ದೀತೇನೋ, ಕೇಳಿನೋಡಬೇಕು.