ಗಿರಿಜಕ್ಕ ಉಸಿರು ಹಿಡಿದ ದಿನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗಿರಿಜಕ್ಕನ ಮ್ಯಾಮೊಗ್ರಾಂ ನಡೆದ ದಿನ ಇಪ್ಪತ್ತು ನಿಮಿಷ ನಾನು ನನ್ನ ಅಮ್ಮನಾಗಿದ್ದೆ.

ಈ ಪರದೇಶದಲ್ಲಿ, ಸೆಂಗ್‌ಕಾಂಗ್‌ನ ನಮ್ಮ ಬ್ಲಾಕಿನಲ್ಲಿ ನನ್ನ ಬಾಯಿಗೆ ಸಿಗದವರಿಲ್ಲ. ಲಿಫ್ಟಿನಲ್ಲಿ ಕೆಮ್ಮುವ ಅಂಕಲ್, ಮೈಕು ಬಿಡದ ಕನ್ನಡ ಸಂಘದ ಅಧ್ಯಕ್ಷರು, ಹುಡುಗಿಯರೆದುರು ದನಿ ದಪ್ಪ ಮಾಡಿಕೊಳ್ಳುವ ನಾನು, ಎಲ್ಲರನ್ನೂ ಅಣಕಿಸಿದ್ದೇನೆ. ಎದುರುಮನೆ ಸ್ಮಿತಾ ಆಂಟಿಯ ಮಕ್ಕಳನ್ನು ನೋಡಿಕೊಳ್ಳಲು ಮದ್ದೂರು ಕಡೆಯಿಂದ ಬಂದಿದ್ದ ಗಿರಿಜಕ್ಕ ಮಾತ್ರ ಸುಲಭಕ್ಕೆ ಸಿಗುತ್ತಿರಲಿಲ್ಲ. ಕುಕ್ಕರ್ ಕೂಗಿದರೆ "ಬಂದೆ ತಾಯಿ, ನಾನೇನ್ ಕಿವುಡೀನಾ?" ಎಂದು ಅದಕ್ಕೇ ಉತ್ತರ ಕೊಡುತ್ತಿದ್ದರು. ದುಪಟ್ಟಾಗೆ ಎರಡು ಪಿನ್ನು. ಕಿಟಕಿಯಾಚೆ ಬಿದಿರಿನ ಗಳಕ್ಕೆ ಬಟ್ಟೆ ಹರವುವಾಗ ತಮ್ಮ ಒಳಬಟ್ಟೆಯನ್ನು ಬೆಡ್‌ಶೀಟಿನ ಮರೆಗೆ ತಳ್ಳುತ್ತಿದ್ದರು. ಹನ್ನೊಂದನೇ ಮಹಡಿಯಲ್ಲಿ ಯಾರು ನೋಡುತ್ತಾರೆ ಎಂದರೆ, "ಕಾಗೆ ನೋಡ್ತವೆ ಕಣಪ್ಪ. ಅವ್ರಲ್ಲಿ ಗಂಡಸ್ರು ಇರಾಕಿಲ್ವಾ?"

ಅಮ್ಮ ಸ್ತನ ಕ್ಯಾನ್ಸರ್ ತಪಾಸಣೆಗೆ ಗಿರಿಜಕ್ಕನ ಹೆಸರು ಬರೆಸಿದಾಗ ಅವರು ಒಪ್ಪಲಿಲ್ಲ. "ಏನೂ ಸಿಗ್ದಿದ್ರೆ ಒಂದಿನದ ಕೆಲ್ಸ ಹಾಳು. ಏನಾರ ಸಿಕ್ಕಿದ್ರೆ ಕೆಲ್ಸಾನೇ ಹಾಳು. ಪ್ಲೇನ್ ಹತ್ತಿಸ್ಬುಡ್ತಾರೆ ಅಮ್ಮಾವ್ರೆ." ಊರಿನಲ್ಲಿ ಅವರ ಅಕ್ಕ ಇದೇ ಕಾಯಿಲೆಯನ್ನು ಸೆರಗಿನಡಿ ಮುಚ್ಚಿಟ್ಟುಕೊಂಡೇ ತೀರಿಹೋದದ್ದನ್ನು ಅಮ್ಮ ನೆನಪಿಸಿದ ಮೇಲೆ ಹೋಗಲು ಒಪ್ಪಿದರು.

ಅವರ ರಜೆ ಭಾನುವಾರ. ಕೇಂದ್ರ ಮುಚ್ಚಿರುವುದೂ ಭಾನುವಾರವೇ. ಸ್ಮಿತಾ ಆಂಟಿಯಿಂದ ಅರ್ಧ ದಿನ ಬಿಡಿಸಲು ಎರಡು ತಿಂಗಳು ಹಿಡಿಯಿತು. ಅಮ್ಮ ಅವರನ್ನು ಕೇಂದ್ರದಲ್ಲಿ ಬಿಟ್ಟು, ಫೋನಿನಲ್ಲೇ ಅನುವಾದ ಮಾಡುತ್ತೇನೆಂದು ಮಾತು ಕೊಟ್ಟು ಚಾಂಗಿ ಬಿಸಿನೆಸ್ ಪಾರ್ಕಿನ ತಮ್ಮ ಆಫೀಸಿಗೆ ಓಡಿದರು. ಅವರ ಫೋನು ಮಾತ್ರ ಮನೆಯಲ್ಲೇ ಚಾರ್ಜಿಗಿತ್ತು.

ಅದು ರಿಂಗಾಯಿತು, ನಾನು ಎತ್ತಿದೆ. "ಆಂಟಿ ಡೋಂಟ್ ವಾಂಟ್ ಕಮ್ ಇನ್ ಲಾ. ಯು ಟೆಲ್ ಹರ್," ಎಂದಳು ನರ್ಸ್ ಇಲ್ಲಿನ ಇಂಗ್ಲಿಷಿನಲ್ಲಿ; ಗಿರಿಜಕ್ಕ ಒಳಗೆ ಹೋಗಲು ಒಪ್ಪುತ್ತಿಲ್ಲವಂತೆ. ಗಂಡುದನಿ ಕೇಳಿದರೆ ಗಿರಿಜಕ್ಕ ಎದ್ದೇ ಹೋಗುತ್ತಾರೆ. ಅಮ್ಮನ ಹಾಗೆ ಗಂಟಲು ಸರಿಮಾಡಿಕೊಂಡೆ. "ಗಿರಿಜಾ, ಹೆದರ್ಕೋಬೇಡಮ್ಮ, ಹೋಗು."

ಹೋದರು. ನರ್ಸ್ ಅಂಗದ ಹೆಸರನ್ನು ಸಲೀಸಾಗಿ ಹೇಳುತ್ತಿದ್ದಳು. ನನ್ನ ಬಾಯಲ್ಲಿ ಅದು "ಎಡಗಡೇದು", "ಬಲಗಡೇದು" ಎಂದಷ್ಟೇ ಹೊರಟಿತು. "ಉಸಿರು ಹಿಡ್ಕೋ" ಎಂದು ಎರಡೆರಡು ಸಲ ಮೆತ್ತಗೆ ಹೇಳಿ ಗಾಬರಿಯಲ್ಲಿ ನಾನೂ ಹಿಡಿದುಬಿಟ್ಟೆ. ನರ್ಸ್ ಬಿಡಲು ಹೇಳಿದರೂ ಅನುವಾದಿಸಲು ನನ್ನಲ್ಲಿ ಗಾಳಿಯಿರಲಿಲ್ಲ. ಪಾಪ, ಅತ್ತ ಗಿರಿಜಕ್ಕ ಕಾಯುತ್ತಲೇ ಇದ್ದರು.

ಮುಗಿದ ಮೇಲೆ ಫೋನಿಗೆ ಬಂದರು. "ನೀನೇ ಅಂತ ಗೊತ್ತಾಯ್ತು ಬುಡಪ್ಪ. ಒಂದೇ ಮಾತನ್ನ ನಿಮ್ಮಮ್ಮ ಬಯ್ಯದೆ ಎರಡ್ನೇ ಸಲ ಹೇಳ್ತಾರಾ?"

ವಾರದ ನಂತರ ಮತ್ತೆ ಬರಬೇಕೆಂದು ಪತ್ರ ಬಂತು. ಎಡಗಡೆ ಸಣ್ಣದೊಂದು ಚುಕ್ಕೆ ಕಂಡಿತ್ತು. ಗಿರಿಜಕ್ಕ ಯಾರಿಗೂ ಹೇಳದೆ ಸೂಟ್‌ಕೇಸ್ ಕೆಳಗಿಳಿಸಿದರು.

ಈಗ ಅವರು ಮದ್ದೂರಿನಲ್ಲಿದ್ದಾರೆ. ಸಣ್ಣ ಆಪರೇಷನ್ ಇಲ್ಲೇ ಮುಗಿಸಿಕೊಂಡು, ಕಾಂಟ್ರಾಕ್ಟ್ ಪೂರೈಸಿ, ಮೊಮ್ಮಗಳಿಗೊಂದು ಪುಟ್ಟ ಸೈಕಲ್ ಹೊತ್ತು ಹೋದರು. ಆದರೆ ಪತ್ರ ಬಂದ ಆ ವಾರವೇ ಹೊರಡುವುದರಲ್ಲಿದ್ದರು. ಅಮ್ಮ ಕೊಟ್ಟ ಸಾರಿನ ಡಬ್ಬಿ ಹಿಡಿದು ನಾನು ಎದುರುಮನೆಯ ಅಡುಗೆಮನೆಗೆ ಕಾಲಿಟ್ಟಾಗ ಸ್ಮಿತಾ ಆಂಟಿ ಹೇಳುತ್ತಿದ್ದರು: "ಊರಿಗೇ ಹೋಗಿ ತೋರಿಸ್ಕೊಳ್ಳಿ ಗಿರಿಜಾ. ನಿಮ್ಮೋರೆಲ್ಲ ಇರ್ತಾರೆ, ಕಂಫರ್ಟಬಲ್ ಆಗಿರುತ್ತೆ." ಅವರ ಬೆನ್ನಿಗಿದ್ದ ಫ್ರಿಜ್ಜಿನ ಮೇಲೆ, ಮ್ಯಾಗ್ನೆಟ್ಟಿನಡಿ, ಆಂಟಿಯ ಹೆಸರಿಗೆ ಬಂದ ಒಂದು ಕಾಗದ ಮೂರು ವರ್ಷದಿಂದ ಹಳದಿಯಾಗುತ್ತಿತ್ತು. ಗಿರಿಜಕ್ಕನಿಗೆ ಇಂಗ್ಲಿಷ್ ಬಾರದು. ಆದರೆ ಆ ಗುಲಾಬಿ ಅಂಚು ತಮಗೆ ಬಂದ ತಪಾಸಣೆಯ ಪತ್ರದಲ್ಲೂ ಇದ್ದದ್ದೇ ಎಂದು ಗೊತ್ತು. ಅದನ್ನು ಬಿಡಿಸಿ ಆಂಟಿಯ ಕೈಗಿಟ್ಟರು.

ಮುಂದಿನ ಮಂಗಳವಾರ ಇಬ್ಬರನ್ನೂ ಒಂದೇ ಟ್ಯಾಕ್ಸಿಯಲ್ಲಿ ಕೇಂದ್ರಕ್ಕೆ ಹೊರಡಿಸಿದ ಮಾತು ಇದು, ಒಂದಕ್ಷರವೂ ನನ್ನದಲ್ಲ:

"ಆಯ್ತು ಮೇಡಮ್, ನಾನು ನಮ್ಮೂರಿಗೆ ಹೋಯ್ತೀನಿ. ನಾಲ್ಕು ಸ್ಟಾಪಿನಾಚೆ ಇರೋ ಕಡೆಗೇ ನೀವು ಹೋಗಿಲ್ಲ, ನಿಮ್ಮನ್ನ ಯಾವೂರಿಗೆ ಕಳ್ಸೋದು?"